ಬಕಲಿನ ಹಿಂಬದಿ

ಜನವರಿ ೨೦, ಮಂಗಳವಾರ

ಅಹ್ಮದ್ ಬಾವ ಅವರ ಮುಖವೇ ಕಣ್ಣೆದುರು ಇದೆ. ಹಳೆ ಕೋಟೆಯ ಪಕ್ಕ ಮನೆಗೆ ಪಾಯ ತೋಡುವಾಗ ಸಿಕ್ಕ ಹಿತ್ತಾಳೆ ಬಕಲನ್ನು ಕಳೆದ ವಾರ ನಾನು ನೋಡಿಕೊಳ್ಳುವ ಕಾಲೇಜು ಮ್ಯೂಸಿಯಂಗೆ ತಂದಿದ್ದರು. ಅವರ ಹಿರಿಯರೊಬ್ಬರು ಟಿಪ್ಪುವಿನ ಸೈನ್ಯದಲ್ಲಿದ್ದರಂತೆ. ಬಕಲು ಆ ಹಿರಿಯರದ್ದೇ ಎಂದು ಮನೆಮಂದಿಯೆಲ್ಲ ನಂಬಿದ್ದರು.

ಕಿಲುಬು ತೆಗೆದಾಗ ಟಿಪ್ಪುವಿನ ವಿರುದ್ಧ ಹೋರಾಡಿದ ಬ್ರಿಟಿಷ್ ಕಂಪನಿಯ ಪಡೆಯ ಸಂಖ್ಯೆ ಕಾಣಿಸಿತು. ಇವತ್ತು ಹೇಳಲೇಬೇಕಾಯಿತು.

"ಹಾಗಾದ್ರೆ ಇದು ಬ್ರಿಟಿಷರದ್ದಾ ಮೇಡಂ?"

"ಹೌದು ಬಾವಾಕ."

ಅವರು ನನ್ನ ಭೂತಗನ್ನಡಿ ತೆಗೆದುಕೊಂಡು ಬಕಲನ್ನು ತಿರುವಿ ನೋಡಿದರು.

"ಹಿಂದೆ ಎಂತದೋ ಬರ್ದದ್ದು ಉಂಟಲ್ಲ?"

"ಅದು ಗೀರು."

"ಗೀರಲ್ಲ, ತಮಿಳು. ದುಬೈಯಲ್ಲಿ ಹದಿನೆಂಟು ವರ್ಷ ನನ್ನ ರೂಮಿನವರೆಲ್ಲ ತಮಿಳರೇ. ಓದಲಿಕ್ಕೂ ಅವರೇ ಕಲಿಸಿದ್ದು." ಒಂದೊಂದೇ ಅಕ್ಷರ ಕೂಡಿಸಿ ಓದಿದರು: ಮುತ್ತಯ್ಯ. ಕಂಪನಿ ಪಡೆಗೆ ಸೇರಿದ್ದ ಯಾರೋ ತಮಿಳು ಸಿಪಾಯಿ.

"ಪಾಪ, ಇವನೂ ಊರು ಬಿಟ್ಟು ದುಡಿಯಲಿಕ್ಕೆ ಬಂದವನೇ," ಎಂದರು.

ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ.

"ಇದ್ದದ್ದನ್ನೇ ಹೇಳ್ತೇನೆ. ನೀವು ಬಕಲಿನ ಚೀಟಿಯಲ್ಲಿ ಇವನ ಹೆಸರು ಸ್ವಲ್ಪ ದೊಡ್ಡದಾಗಿ ಬರೀರಿ."

ಬರೆದೆ. ಆದರೆ ಈ ಹನ್ನೊಂದು ವರ್ಷಗಳಲ್ಲಿ ಸಂಖ್ಯೆ ನೋಡಿದ ಕೂಡಲೇ ಎಷ್ಟು ಬಕಲುಗಳನ್ನು ಡಬ್ಬಿಗೆ ಹಾಕಿಬಿಟ್ಟೆನೋ. ಅವುಗಳ ಹಿಂಬದಿಯನ್ನು ನಾನು ಒಮ್ಮೆಯಾದರೂ ತಿರುವಿ ನೋಡಿದ್ದೇನೆಯೇ?