ಖಾಲಿ ಬಿಟ್ಟ ಚೌಕ

ಕೊಪ್ಪಳ,
ಫೆಬ್ರವರಿ ಮೂವತ್ತು, ೨೨೧೮

ನೀಲಗಂಗಾ ಆಯಿಗೆ,

ತಾರೀಖು ನೋಡಿ ನಗಬೇಡ. ಫೆಬ್ರವರಿಗೂ ಮೂವತ್ತು ದಿನ ಇರಲಿ ಎಂದು ನಮ್ಮವರು ತೀರ್ಮಾನಿಸಿ ಅರವತ್ತು ವರ್ಷವಾಯಿತು. ನಡುವೆ ನಿನಗೆ ಗೊತ್ತಿಲ್ಲದ ಶಬ್ದಗಳು ಬಂದರೆ ಹೊಟ್ಟೆಗೆ ಹಾಕಿಕೊ. ನಾನು ನಿನ್ನ ಆರನೆಯ ತಲೆಮಾರಿನವಳು, ಚನ್ನಗಂಗೆ. ನಿನಗೀಗ ಮೂವತ್ತನಾಲ್ಕು, ನನಗೆ ಎಪ್ಪತ್ತೊಂದು. ನಿನ್ನನ್ನು ಆಯಿ ಎಂದು ಕರೆಯಲು ನನಗೂ ನಗು ಬರುತ್ತದೆ. ಆದರೆ ಹಿರಿಯಳು ನೀನೇ, ಏನು ಮಾಡುವುದು.

ಯಾರು ಬಂದರು, ಏನು ಮುಟ್ಟಿದರು ಎಂದು ನಿಮ್ಮ ಕಂಪ್ಯೂಟರು ಬರೆದಿಡುವ ಲಾಗ್‌ಗೆ ನಾವು ಹೆಜ್ಜೆಪಟ್ಟಿ ಎನ್ನುತ್ತೇವೆ. ಇಲ್ಲಿ ನೀರಿನ ತೊಟ್ಟಿಗೂ ಒಂದು ಹೆಜ್ಜೆಪಟ್ಟಿ ಇದೆ, ತಂಪುಗೋಡೆಗೂ ಇದೆ. ತಂಪುಗೋಡೆ ಎಂದರೆ ಬಿಸಿಲೇರಿದಂತೆ ತಾನಾಗಿ ಬೆವರುವ ಗೋಡೆ. ಅದಿಲ್ಲದಿದ್ದರೆ ನಮ್ಮ ಕೊಪ್ಪಳದ ಮಧ್ಯಾಹ್ನದಲ್ಲಿ ಉಸಿರಾಡುವುದೂ ಕಷ್ಟ. ಮನೆಗೆ ಹೊಸ ಯಂತ್ರ ಬಂದ ದಿನ ಹಿರಿಯ ಹೆಂಗಸು ಎರಡು ಚೌಕಗಳಲ್ಲಿ ಗುರುತು ಹಾಕುತ್ತಾಳೆ: ಒಳಗೆ ಬಂದವರನ್ನೂ ಬರೆ, ಬಾಗಿಲಲ್ಲೇ ತಡೆದವರನ್ನೂ ಬರೆ. ಆಮೇಲೆ ಎಲ್ಲರಿಗೂ ಮಂಡಕ್ಕಿ, ಮಿರ್ಚಿ. ಇದಕ್ಕೆ ಜೋಡಿಗುರುತು ಎಂದು ಹೆಸರು. ಇಡೀ ಊರು ಮಾಡುತ್ತದೆ. ಎಲ್ಲಿಂದ ಶುರುವಾಯಿತು ಎಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತು.

ನಿನ್ನಿಂದ, ಆಯಿ. ನಿಮ್ಮ ರಕ್ತನಿಧಿಯ ಮೂವತ್ತೆರಡು ಕಂಪ್ಯೂಟರುಗಳಿಗೆ ಯಾರನ್ನು ಲಾಗ್‌ನಲ್ಲಿ ಬರೆಯಬೇಕು ಎಂಬ ಆಡಿಟ್ ನಿಯಮ ಹಾಕಿದವಳು ನೀನು; ಅಲ್ಲೂ ಇವೇ ಎರಡು ಚೌಕ. ಎರಡೂ ಚೌಕಕ್ಕೆ ಗುರುತು ಹಾಕಿದರೆ ನಾಲ್ಕೇ ದಿನದಲ್ಲಿ ಲಾಗ್ ತುಂಬಿ ಹಳೆಯದು ಅಳಿಸಿಹೋಗುತ್ತಿತ್ತು. ಅದರ ಗಾತ್ರ ಹೆಚ್ಚಿಸುವ ಬದಲು ನೀನು ಮೊದಲ ಚೌಕವನ್ನು ಖಾಲಿ ಬಿಟ್ಟೆ. ತಪ್ಪು ಪಾಸ್‌ವರ್ಡ್ ಹೊಡೆದವರು ಮಾತ್ರ ದಾಖಲಾದರು. ಸರಿಯಾದ ಪಾಸ್‌ವರ್ಡ್ ಹಾಕಿ ಬಂದವರ ಸುಳಿವೇ ಇರಲಿಲ್ಲ. ಆ ಬುಧವಾರ ಯಾರೋ ಕಂಪ್ಯೂಟರಿನಲ್ಲಿ ಒಂದು ಚೀಲದ ರಕ್ತದ ಗುಂಪನ್ನೇ ಬದಲಿಸಿದರು. ರೋಗಿಗೆ ಏರಿಸುವ ಮುಂಚೆ ನರ್ಸ್ ಹಿಡಿದಳು, ಪುಣ್ಯ. ಆದರೆ ಪಾಳಿಯಲ್ಲಿದ್ದವಳು ಲ್ಯಾಬ್ ಟೆಕ್ನಿಷಿಯನ್ ಜುಲೇಖಾ, ದಿನವೂ ನಿನ್ನ ಜೊತೆ ಡಬ್ಬಿ ಹಂಚಿಕೊಂಡು ಉಣ್ಣುತ್ತಿದ್ದ ಜುಲೇಖಾ. ವಿಚಾರಣೆಯಲ್ಲಿ ನೀನು ಹೇಳಿದ್ದು ಒಂದೇ ಮಾತು: "ಲಾಗಿನ್ಯಾಗ ಬ್ಯಾರೆ ಯಾರೂ ಕಾಣಂಗಿಲ್ರೀ ಸರ್." ಸುಳ್ಳಲ್ಲ. ಕೇಳಿದವರು ಮಾತ್ರ ಬೇರೆ ಯಾರೂ ಬಂದೇ ಇಲ್ಲ ಎಂದುಕೊಂಡರು. ಚೌಕ ಖಾಲಿ ಬಿಟ್ಟವಳು ನಾನೇ ಎಂದು ನೀನು ಸೇರಿಸಲಿಲ್ಲ. ಅಮಾನತಾದ ಜುಲೇಖಾ ತವರೂರು ಗಂಗಾವತಿಗೆ ಹೋದಳು, ಮತ್ತೆ ಕೆಲಸಕ್ಕೆ ಬರಲಿಲ್ಲ.

ವಿಚಾರಣೆಯ ಮರುದಿನವೇ ನೀನು ಎರಡೂ ಗುರುತು ಹಾಕಿದೆ, ಲಾಗ್ ಇಡಲು ಬೇರೆಯೇ ಒಂದು ಕಂಪ್ಯೂಟರ್ ಕೊಟ್ಟೆ. ನಮಗೆ ತಿಳಿದ ಕಥೆಯಲ್ಲಿ, ಮುಂದೆ ನಿವೃತ್ತಿಯಾಗುವವರೆಗೆ ಕಲಿಯಲು ಬಂದವರಿಗೆಲ್ಲ ಅದನ್ನೇ ಹೇಳಿಕೊಟ್ಟೆ. ಜುಲೇಖಾಳಿಗೆ ಕಾಗದವನ್ನೂ ಬರೆದೆ, ಅಂಚೆಗೆ ಹಾಕಲಿಲ್ಲ. ಅದು ನಿನ್ನ ಟ್ರಂಕಿನಿಂದ ತಲೆಮಾರು ದಾಟುತ್ತ ನನ್ನ ಕೈಗೆ ಬಂತು. ಓದಿ ಅತ್ತೆ. ಸಿಟ್ಟೂ ಬಂತು. ಎಂಥ ಹೆಂಗಸು ನೀನು, ಎರಡು ಮಾತು ಹೇಳಲು ಇಷ್ಟು ಹೆದರಿಕೆಯೇ?

ಕಳೆದ ವಾರ ಆ ಕಾಗದವನ್ನು ನಾನೇ ಗಂಗಾವತಿಗೆ ಒಯ್ದೆ. ಜುಲೇಖಾಳ ವಂಶದ ನೂರೈನ್, ನನ್ನಷ್ಟೇ ಮುದುಕಿ, ಬಾಗಿಲು ತೆಗೆದಳು. ಓದಿ ಕಾಗದ ಮಡಚಿದಳು. "ಕೊಪ್ಪಳದ ಬಸ್ ಬಂದಾಗೆಲ್ಲ ನಮ್ಮ ಹಿರೇ ನಾನಿ ಬಾಗಲಕ್ಕ ಬಂದು ನಿಂದರ್ತಿದ್ಲಂತವ್ವಾ, ನೀಲಿ ಬರ್ತಾಳ ಅಂತ" ಎಂದಳು. ನೀಲಿ ಎಂದರೆ ನೀನೇ, ಆಯಿ.

ಆದರೆ ಇದರಲ್ಲಿ ಬಹಳಷ್ಟು ನಿನಗೆ ಇನ್ನೂ ನಡೆದಿಲ್ಲ; ನೀನೀಗ ಆ ಬುಧವಾರ ಕಳೆದು ಹನ್ನೊಂದನೆಯ ದಿನದಲ್ಲಿದ್ದೀಯ. ಹಿಂದಿನ ಕಾಲಕ್ಕೆ ಕಾಗದ ಕಳಿಸಲು ನಮಗೀಗ ಬರುತ್ತದೆ; ಇದು ನಿನ್ನ ಪರದೆಯ ಮೇಲೆ ಕಂಡಾಗ ಹೆದರಬೇಡ. ನಾನು ಬಂದುಹೋದದ್ದೂ ನಿನ್ನ ಲಾಗಿನಲ್ಲಿ ಒಂದು ಸಾಲಾಗಿ ಇರುತ್ತದೆ. ನಾಳೆ ಸೋಮವಾರ ವಿಚಾರಣೆಯ ಸಮಿತಿ ಮತ್ತೆ ಸೇರುತ್ತದೆ. ಎದ್ದು ನಿಂತು ಹೇಳು: ಖಾಲಿ ಲಾಗ್ ಯಾರ ಮೇಲೂ ಸಾಕ್ಷಿಯಲ್ಲ, ಚೌಕ ಖಾಲಿ ಬಿಟ್ಟವಳು ನಾನು. ಕೆಲಸ ಹೋಗಬಹುದು, ಹೋಗಲಿ. ಅಲ್ಲಿಂದ ನೆಟ್ಟಗೆ ಗಂಗಾವತಿ ಬಸ್ಸು ಹತ್ತು. ಡಬ್ಬಿ ಕಟ್ಟಿಕೊಳ್ಳುವುದು ಮರೆಯಬೇಡ, ಇಬ್ಬರಿಗಾಗುವಷ್ಟು.

ನಾನು ಹೋದದ್ದು ತೀರಾ ತಡವಾಗಿ, ಆಯಿ. ನೀನು ಹೋದರೆ ಬಾಗಿಲು ತೆಗೆಯುವವಳು ಜುಲೇಖಾಳೇ.

ನಿನ್ನ,
ಚನ್ನಗಂಗೆ