ಅತ್ತಿಗೆಯ ಕಾಲಿನ ಬಾವು

ಅಣ್ಣಾ,

ಊರಿನ ಬಸುರಿಯರೆಲ್ಲ ನನ್ನ ಮಾತು ಕೇಳುತ್ತಾರೆ, ನಮ್ಮ ಮನೆಯವರನ್ನು ಬಿಟ್ಟು. ಆರೋಗ್ಯ ಕಾರ್ಯಕರ್ತೆಗೆ ಇದಕ್ಕಿಂತ ಅವಮಾನ ಬೇಕೆ?

ಅತ್ತಿಗೆಯ ಕಾಲು ಹತ್ತು ದಿನದಿಂದ ಬಾತಿತ್ತು. ಮೊನ್ನೆ ಬೆಳಿಗ್ಗೆ ಕಣ್ಣು ಮಂಜಾಯಿತು. ಬಿ.ಪಿ. ನೋಡಿದರೆ ನೂರ ಎಪ್ಪತ್ತು ದಾಟಿತ್ತು, ಈಗಲೇ ಆಸ್ಪತ್ರೆಗೆ ಹೊರಡಬೇಕು ಎಂದೆ. ಅಮ್ಮ ಮಾತ್ರ ಬಾಗಿಲಿಗೆ ಅಡ್ಡ ನಿಂತು, "ನಿಮ್ಮಿಬ್ಬರನ್ನೂ ಈ ಕೋಣೇಲೇ ಹೆತ್ತೆ. ಆಸ್ಪತ್ರೆ ಗೀಸ್ಪತ್ರೆ ಏನೂ ಬೇಡ" ಎಂದಳು. ನೀನೋ, "ಅಮ್ಮ ಹೇಳಿದ ಹಾಗೆ ಮಾಡಿ" ಎಂದು ಬರೆದು ಕೈತೊಳೆದುಕೊಂಡಿದ್ದೆ.

ನಮ್ಮಿಬ್ಬರ ನಡುವೆ ಹುಟ್ಟಿ, ಅದೇ ಕೋಣೆಯಲ್ಲಿ ತೀರಿಕೊಂಡ ಕೂಸಿನ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ನಾನು ಎತ್ತಿಬಿಟ್ಟೆ. "ಇಬ್ಬರಲ್ಲ, ಮೂವರು ಅಲ್ವೇನಮ್ಮಾ?"

ಅಮ್ಮ ಒಳಗೆ ಹೋಗಿ ಅತ್ತಿಗೆಯ ಬಟ್ಟೆ ಗಂಟು ಕಟ್ಟಿ ತಂದಳು. ಹಾಲಿನ ವ್ಯಾನು ಹತ್ತಿ ಹೊರಟೆವು.

ನಿನ್ನೆ ನಿನಗೆ ಮಗಳು ಹುಟ್ಟಿದಳು. ತೂಕ ಎರಡು ಕೆಜಿಗೂ ಕಡಿಮೆ, ಗಂಟಲು ಮಾತ್ರ ನಿನ್ನದೇ. ಅತ್ತಿಗೆ ಚೇತರಿಸಿಕೊಳ್ಳುತ್ತಿದ್ದಾಳೆ. ರಜೆ ಹಾಕಿ ಬೇಗ ಬಾ, ಅಮ್ಮನನ್ನು ಸಂಭಾಳಿಸುವುದು ನನ್ನಿಂದಾಗದು. ಕೂಸನ್ನು ಎದೆಗವಚಿಕೊಂಡು ಕೂತವಳು ಗಳಿಗೆಗೊಮ್ಮೆ, "ಉಸಿರಾಡ್ತಿದೆ ತಾನೇ, ನೋಡಮ್ಮಾ" ಎಂದು ನರ್ಸಮ್ಮನ ತಲೆ ತಿನ್ನುತ್ತಿದ್ದಾಳೆ. ಇಷ್ಟೆಲ್ಲ ತರಬೇತಿ ಪಡೆದ ನನ್ನ ಕೈಗಂತೂ ಕೊಡುತ್ತಲೇ ಇಲ್ಲ.

ಸಿಟ್ಟಿನಿಂದ,
ನಿನ್ನ ತಂಗಿ