ನನ್ನ ಗಂಡ, ಗೋಡೆಯ ಮೇಲೆ

ಮಾರ್ಚ್ ೯, ಸೋಮವಾರ

ಗ್ಯಾಲರಿಯವನ ಮಾತು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ. "ಸಂಸಾರಸ್ಥರು ಬರೋ ಜಾಗ ಮೇಡಂ, ಇದೊಂದನ್ನ ಒಳಗಿಡೋಣ." ಇದೊಂದು ಅಂದರೆ ನಾನು ಬರೆದ ನನ್ನ ಗಂಡನ ಬೆತ್ತಲೆ ಚಿತ್ರ. ಅದೇ ಗೋಡೆಯ ಮೇಲೆ ಗಂಡಸರು ಬರೆದ ಬೆತ್ತಲೆ ಹೆಂಗಸರು ಸಾಲಾಗಿ ಮಲಗಿದ್ದರು. ಅವರಿಂದ ಯಾವ ಸಂಸಾರಕ್ಕೂ ತೊಂದರೆಯಿಲ್ಲವಂತೆ!

ನಾನು ಬಾಯಿ ತೆರೆಯುವ ಮೊದಲೇ, ಡಾಕ್ಟರ ಮುಂದೆ ಅಂಗಿ ಬಿಚ್ಚಲೂ ನಾಚುವ ಇವರು ಮುಂದೆ ಬಂದರು. "ಚಿತ್ರದಲ್ಲಿರೋನು ನಾನೇ ಸ್ವಾಮಿ. ಆ ಹೆಂಗಸರನ್ನೂ ಒಳಗೆ ಕಳಿಸಿ. ಇಲ್ದಿದ್ರೆ ನಾನೂ ಇಲ್ಲೇ ಇರ್ತೀನಿ." ಚಿತ್ರ ಉಳಿಯಿತು.

ಸಂಜೆ ಅತ್ತೆ ಬಂದು ಬಹಳ ಹೊತ್ತು ನೋಡಿದರು. "ಹೊಟ್ಟೆ ಥೇಟ್ ಅವರಪ್ಪಂದೇ ಕಣಮ್ಮ" ಅಂದರು.

ಇವತ್ತಿನ ಹೆಮ್ಮೆ ಚಿತ್ರದ ಮೇಲೋ, ಇವರ ಮೇಲೋ, ಹೇಳಲಾರೆ. ಕಣ್ಣು ಎಳೆಯುತ್ತಿದೆ...